ಬಾಲ್ಕನಿಯ ಕಾಯಿ ಲೊಡಗುಟ್ಟಿದ್ದು

ದೆವ್ವ, ಗಾಳಿ, ಶಕುನ ಅಂತ ಯಾರಾದರೂ ಮಾತು ತೆಗೆದರೆ ನಾನು ಮುಖ ತಿರುಗಿಸಿ ನಗುತ್ತಿದ್ದೆ. ಬಿಳಿಗೆರೆಯ ತೋಟದಲ್ಲಿ ಬೆಳೆದವಳು ನಾನು. ಒಣಗರಿ ಬಿದ್ದ ಸದ್ದಿಗೆಲ್ಲ ಹೆದರಿದ್ದರೆ ಅಲ್ಲಿ ಬದುಕುವ ಹಾಗೇ ಇರಲಿಲ್ಲ. ಈಗಲೂ ಅದನ್ನೆಲ್ಲ ನಂಬುತ್ತೇನೆ ಅಂತ ಹೇಳಲಾರೆ. ಆದರೆ ಆ ಮಧ್ಯಾಹ್ನದ ಸುದ್ದಿ ಹೇಳಲು ಕೂತರೆ ಇವತ್ತಿಗೂ ಮೈ ಜುಂ ಎನ್ನುತ್ತದೆ, ದನಿ ತಾನಾಗಿಯೇ ಏರುತ್ತದೆ. ನೀವು ನಂಬದಿದ್ದರೂ ಬೇಸರವಿಲ್ಲ, ಪೂರ್ತಿ ಕೇಳಿ.

ಎಪ್ಪತ್ತರ ದಶಕದ ಕೊನೆ. ನಾನು ತಿಪಟೂರಿಗೆ ಹೊಸದಾಗಿ ಸೊಸೆಯಾಗಿ ಬಂದಿದ್ದೆ. ಕೊಬ್ಬರಿ ವ್ಯಾಪಾರ ಮಾಡುತ್ತಿದ್ದ ನಮ್ಮ ಮಾವನವರು ನಾನು ಬರುವ ಮೊದಲೇ ತೀರಿಕೊಂಡಿದ್ದರು. ಅವರ ಕೊನೆಯ ದೊಡ್ಡ ಸಾಹಸವೆಂದರೆ ಮುಚ್ಚಿಹೋಗಿದ್ದ ಒಂದು ಹಳೇ ಟಾಕೀಸನ್ನು ಕೊಂಡು ಗೋಡೌನು ಮಾಡಿಕೊಂಡದ್ದು.

ಆ ಕಟ್ಟಡವನ್ನು ಮೊದಲ ಸಲ ನೋಡಿದಾಗ ನನಗೆ ಖುಷಿ ತಡೆಯಲಾಗಲಿಲ್ಲ. ಬಾಗಿಲ ಮೇಲೆ ಗಾರೆಯ ಕಮಾನು, ಕಮಾನಿನ ಎರಡು ಕಡೆ ಕೊಕ್ಕು ಮುರಿದ ನವಿಲುಗಳು. ಟಿಕೆಟ್ ಕೊಡುವ ಗೂಡಿಗೆ ಕೈ ತೂರುವಷ್ಟೇ ಕಿಂಡಿ. ಒಳಗೆ ಪರದೆಯ ಗೋಡೆಯ ಕಡೆಗೆ ಇಳಿಜಾರಾದ ನೆಲ, ಹೆಂಗಸರು ಕೂರುತ್ತಿದ್ದ ಜಾಗಕ್ಕೆ ಎದೆಮಟ್ಟದ ಅಡ್ಡಗೋಡೆ, ಅದರ ನೆತ್ತಿಯ ಮೇಲೆ ಮರದ ತೊಲೆಗಳ ಬಾಲ್ಕನಿ. ನಮ್ಮ ಕಡೆ ತೆಂಗಿನಕಾಯಿಯನ್ನು ಅಟ್ಟದ ಮೇಲೆ ತಿಂಗಳುಗಟ್ಟಲೆ ಹಾಕಿಡುತ್ತಾರೆ. ಒಳಗಿನ ನೀರು ಇಂಗಿ, ಕೊಬ್ಬರಿ ಚಿಪ್ಪು ಬಿಟ್ಟು ಗಿಟುಕಾಗಬೇಕು. ಮಾವನಿಗೆ ಅಷ್ಟು ದೊಡ್ಡ ಅಟ್ಟ ಕಟ್ಟಿದ್ದೇ ಸಿಕ್ಕಿತ್ತು! ಕುರ್ಚಿಗಳನ್ನೆಲ್ಲ ಕಿತ್ತು ಬಾಲ್ಕನಿಯ ತುಂಬ ಕಾಯಿ ಸುರಿಸಿದ್ದರಂತೆ. ಅವರು ಹೋದ ಮೇಲೂ ಅದೇ ಪದ್ಧತಿ ನಡೆದಿತ್ತು.

ಇಲ್ಲಿ ಒಂದು ಮಾತು ಹೇಳಿಬಿಡಬೇಕು. ಕಾಯಿಯನ್ನು ಕಿವಿಯ ಹತ್ತಿರ ಅಲ್ಲಾಡಿಸಿದರೆ, ನೀರಿದ್ದರೆ ಗುಳುಗುಳು, ಗಿಟುಕಾಗಿದ್ದರೆ ಲೊಡಲೊಡ. ಈ ಎರಡು ಸದ್ದಿನ ವ್ಯತ್ಯಾಸ ತೊಟ್ಟಿಲಲ್ಲಿರುವಾಗಲೇ ನಮ್ಮ ಕಿವಿಗೆ ಬಿದ್ದಿರುತ್ತದೆ. ಅದರಲ್ಲಿ ನಾವು ಮೋಸ ಹೋಗುವುದಿಲ್ಲ.

ನಮ್ಮ ಅತ್ತೆಗೆ ಗೋಡೌನಿನಲ್ಲಿ ಮಧ್ಯಾಹ್ನದ ನಿದ್ದೆ ಆಗಲೇಬೇಕು. ಬಾಲ್ಕನಿಯ ಕೆಳಗೆ, ಅದೇ ಹೆಂಗಸರ ಜಾಗದಲ್ಲಿ, ಗೋಣಿಚೀಲ ಹಾಸಿಕೊಂಡು ಮಲಗುತ್ತಿದ್ದರು. ಊರಿಗೆಲ್ಲ ಅದೇ ತಂಪು ಜಾಗ ಅಂತ ಅವರ ವಾದ. ಒಮ್ಮೆ ಕಣ್ಣು ಮುಚ್ಚಿದರೆ ಪಕ್ಕದಲ್ಲಿ ತಮಟೆ ಬಡಿದರೂ ಏಳುವವರಲ್ಲ. ನಾನು ಭುಜ ಹಿಡಿದು ಅಲುಗಾಡಿಸಿ ಅಲುಗಾಡಿಸಿ ಎಬ್ಬಿಸುತ್ತಿದ್ದೆ.

ಆ ದಿನ ಕಾಫಿ ಹಿಡಿದು ಒಳಗೆ ಹೋದೆ. ಹಮಾಲಿಗಳು ಊಟಕ್ಕೆ ಹೋಗಿದ್ದರು. ಅತ್ತೆ ಗೊರಕೆಯಲ್ಲಿದ್ದರು. ಆಗ ಮೇಲಿನಿಂದ ಸದ್ದು ಬಂತು. ಲೊಡಲೊಡ. ಯಾರೋ ಒಂದೇ ಒಂದು ಕಾಯಿ ಹಿಡಿದು ಅಲ್ಲಾಡಿಸಿದ ಹಾಗೆ. ಸ್ವಲ್ಪ ಬಿಟ್ಟು ಮತ್ತೆ. ಆಮೇಲೆ, ಏನು ಹೇಳಲಿ, ಇಡೀ ಬಾಲ್ಕನಿಯೇ ಲೊಡಗುಟ್ಟತೊಡಗಿತು! ನನಗೆ ಹೆದರಿಕೆಯಾಗಬೇಕಿತ್ತು, ಆಗಿದ್ದು ಸಂತೋಷ. ಮೊನ್ನೆ ಮೊನ್ನೆ ಏರಿಸಿದ ಕಾಯಿ ಇಷ್ಟು ಬೇಗ ಗಿಟುಕಾಗಿಬಿಟ್ಟಿತಲ್ಲ ಅಂತ ಕಾಫಿ ಕೆಳಗಿಟ್ಟು ಬಾಲ್ಕನಿಯ ಮೆಟ್ಟಿಲಿಗೆ ಓಡಿದೆ. ಒಂದು ಕಾಲು ಮೆಟ್ಟಿಲ ಮೇಲಿಟ್ಟಿದ್ದೆ ಕೂಡ.

ಯಾರೋ ಹಿಂದಿನಿಂದ ಕೈ ಹಿಡಿದರು. ನೋಡಿದರೆ ಅತ್ತೆ! ತಾವಾಗಿಯೇ ಎದ್ದು ಬಂದಿದ್ದರು. ಕಣ್ಣಲ್ಲಿ ಇನ್ನೂ ನಿದ್ದೆ ಇತ್ತು, ಸೆರಗು ಸರಿಮಾಡಿಕೊಳ್ಳುತ್ತಿದ್ದರು.

"ಬಾರಮ್ಮ, ಹೋಗಾನ," ಅಂದರು. ಎಲ್ಲಿಗೆ ಅಂತ ಕೇಳಲೂ ಬಿಡದೆ ನನ್ನನ್ನು ಎಳೆದುಕೊಂಡು ಸೀದಾ ಬಾಗಿಲ ಕಡೆ ನಡೆದರು.

ಕಮಾನಿನ ಕೆಳಗೆ ಬಂದಿದ್ದೆವೋ ಇಲ್ಲವೋ, ಒಳಗೆ ತೊಲೆ ಮುರಿದ ಸದ್ದು ಕೇಳಿಸಿತು. ತಿರುಗಿದರೆ ಬಾಲ್ಕನಿಯ ಮುಂಭಾಗ ಕುಸಿದು ಅಡ್ಡಗೋಡೆಯ ಮೇಲೆ ಕೂತಿದೆ. ಕಾಯಿಗಳು ಇಳಿಜಾರಿನಲ್ಲಿ ಧಡಧಡ ಉರುಳಿಕೊಂಡು ಹೋಗಿ ಪರದೆಯ ಗೋಡೆಯ ಬುಡದಲ್ಲಿ ರಾಶಿ ಬಿದ್ದವು. ಅತ್ತೆಯ ಗೋಣಿಚೀಲ ಕಾಣಿಸಲೇ ಇಲ್ಲ. ನಾನು ಅಲ್ಲೇ ಕೂತು ಅತ್ತೆಯ ಕಾಲು ತಬ್ಬಿಕೊಂಡು ಅತ್ತುಬಿಟ್ಟೆ.

ತೊಲೆಗೆ ಗೆದ್ದಲು ಹಿಡಿದಿತ್ತು. ಮುರಿಯುವ ಮೊದಲು ಅದು ನಡುಗಿರುತ್ತದೆ, ಅದಕ್ಕೇ ಕಾಯಿ ಅಲುಗಾಡಿವೆ ಅಂತ ನಮ್ಮ ಯಜಮಾನರು ಹೇಳಿದರು. ಒಪ್ಪಿದೆ. ಆದರೆ ಲೊಡಲೊಡ ಅಂದಿದ್ದು ಯಾವುದು? ಬಿದ್ದ ಕಾಯಿಗಳನ್ನು ದಿನವಿಡೀ ಒಂದೊಂದಾಗಿ ಕಿವಿಗೆ ಹಿಡಿದು ಅಲ್ಲಾಡಿಸಿದೆ. ಎಲ್ಲವೂ ಗುಳುಗುಳು. ಒಂದಾದರೂ ಗಿಟುಕು ಇರಲಿಲ್ಲ. ಹೆದರಿಕೆಯಲ್ಲಿ ಕಿವಿ ಏನೋ ಕೇಳಿರಬೇಕು ಅಂದರು ಅವರು. ಆ ಸದ್ದು ಕೇಳಿದಾಗ ನನಗೆ ಹೆದರಿಕೆಯೇ ಆಗಿರಲಿಲ್ಲವಲ್ಲ!

ಸಂಜೆ ಅತ್ತೆಯನ್ನೇ ಕೇಳಿದೆ, ಅದು ಹೇಗೆ ಎಚ್ಚರವಾಯಿತು ಅಂತ. ಅವರು ಹೊಸ ಮದುವಣಗಿತ್ತಿಯ ಹಾಗೆ ನಾಚಿಕೊಂಡರು.

"ಆಗಿನ್ ಕಾಲ್ದಾಗೂ ಇದೇ ಟಾಕೀಸ್ನಾಗೆ ಪಿಚ್ಚರ್ ಅರ್ಧ ಆಗದ್ರೊಳ್ಗೆ ನಂಗೆ ನಿದ್ದೆ ಕಣಮ್ಮ. ನಿಮ್ಮ ಮಾವ ಮ್ಯಾಲೆ ಬಾಲ್ಕನೀಲಿ. ಹೆಂಗಸ್ರ ಕಡೆ ಬಂದು ಕರ್ಯಕ್ಕೆ ಅವ್ರಿಗೆ ನಾಚ್ಕೆ. ಚೀಲ್ದಾಗೆ ಒಂದು ಗಿಟುಕು ಕಾಯಿ ಇಟ್ಕಂಡು ಬರಾರು. ಮುಗೀತಿದ್ದಂಗೆ ಮ್ಯಾಲಿಂದ ಲೊಡಲೊಡ ಅನ್ಸಾರು. ನಾನು ಎದ್ದು ಬಾಗ್ಲಿಗೆ ಬಂದ್ ನಿಂತ್ಕಳಾದು."

ಅವ್ವ ಈಗ ಕಟ್ಟಿದ ಕತೆ ಇದು ಅಂತ ನಮ್ಮ ಯಜಮಾನರು ನಕ್ಕರು. ಇದ್ದರೂ ಇರಬಹುದು, ಅತ್ತೆ ಕತೆ ಕಟ್ಟುವುದರಲ್ಲಿ ಗಟ್ಟಿಗರೇ. ಆದರೆ ಆ ಸದ್ದು ಮೊದಲು ಕೇಳಿದವಳು ನಾನು, ಮಾವನ ಗಿಟುಕಿನ ವಿಷಯ ಆಗ ನನಗೆ ಗೊತ್ತೇ ಇರಲಿಲ್ಲ. ಇಷ್ಟು ವರ್ಷವಾದರೂ ಈ ಗಂಟು ನನಗೆ ಬಿಚ್ಚಲಾಗಿಲ್ಲ.

ಬಾಲ್ಕನಿಯನ್ನು ಪೂರ್ತಿ ಇಳಿಸಿ, ಮೇಲೆ ತಗಡು ಹಾಕಿಸಿದರು. ಎಲ್ಲ ಮುಗಿದ ಮಾರನೇ ದಿನವೇ ಅತ್ತೆ ಹೊಸ ಗೋಣಿಚೀಲ ತಂದು ಅದೇ ಜಾಗದಲ್ಲಿ ಹಾಸಿದರು. ನನ್ನ ಜೀವ ಬಾಯಿಗೆ ಬಂತು. ಅಲ್ಲಿ ಬೇಡ ಅತ್ತೆ, ಇನ್ನೊಮ್ಮೆ ಏನಾದರೂ ಆದರೆ ಅಂತ ಬೇಡಿಕೊಂಡೆ.

ಅವರು ಆಗಲೇ ಗೋಡೆಯ ಕಡೆ ಮಗ್ಗುಲಾಗಿದ್ದರು.

"ಎಬ್ಬಿಸ್ತಾರೆ ಬುಡು," ಅಂದರು.