ನಲವತ್ತು ಮೈಲಿಯ ನಕ್ಷೆ

ವಿಮಾನ ನಡೆಸುವವರೆಲ್ಲ ಅವರನ್ನು ಮೇಷ್ಟ್ರು ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷ ಪೈಲಟ್ ಆಗಿದ್ದು, ಕಣ್ಣು ಮಂಜಾದ ಮೇಲೆ ನಿಲ್ದಾಣದ ಹಿಂಬದಿಯ ತರಬೇತಿ ಕೋಣೆ ಸೇರಿದವರು. ಅಲ್ಲೊಂದು ನಕಲಿ ಕಾಕ್‌ಪಿಟ್. ಕುರ್ಚಿಯ ರೆಕ್ಸಿನ್ ಹರಿದು ಸ್ಪಂಜು ಹೊರಬಂದಿತ್ತು, ಪರದೆಗಳು ಮಾತ್ರ ಅಸಲಿ.

ಆ ಊರಿನಲ್ಲಿ ಇಳಿಯುವುದು ಹುಡುಗಾಟವಲ್ಲ. ಎರಡೂ ಕಡೆ ಬೆಟ್ಟ, ನಡುವೆ ಕಣಿವೆ, ವರ್ಷದ ಮುಕ್ಕಾಲು ಪಾಲು ಮೋಡ. ಹೊರಗೇನೂ ಕಾಣದಾಗ ನೆಲದಿಂದ ಬರುವ ರೇಡಿಯೊ ಸಂಕೇತ ಹಿಡಿದು ದಾರಿ ತೋರಿಸುವ ಸೂಜಿಯನ್ನು ನಂಬಿ ಇಳಿಯಬೇಕು. ಸೂಜಿ ಸ್ಥಿರವಾಗಿ ನಿಲ್ಲದಿದ್ದರೆ ಮೇಲೇರಿ ವಾಪಸ್ ಹೋಗಬೇಕು. ಪಕ್ಕದ ಪರದೆಯ ಬಣ್ಣದ ನಕ್ಷೆ ಎಲ್ಲಿದ್ದೇವೆಂದು ತಿಳಿಯಲು ಮಾತ್ರ; ಅದು ಎಷ್ಟು ಮೈಲಿ ದೂರ ತೋರಿಸಬೇಕೆಂಬುದಕ್ಕೆ ಒಂದು ಗುಂಡಿ. ಪುಸ್ತಕದಲ್ಲಿರುವುದು ಇಷ್ಟೇ.

ಮೇಷ್ಟ್ರಿಗೆ ಪುಸ್ತಕವೆಂದರೆ ಅಷ್ಟಕ್ಕಷ್ಟೇ. ಪ್ರಾಯದಲ್ಲಿ ಒಮ್ಮೆ ನಕ್ಷೆಯನ್ನು ಹತ್ತು ಮೈಲಿಗೆ ಇಟ್ಟುಕೊಂಡು ಬರುವಾಗ, ಪರದೆಯ ಅಂಚಿನಿಂದ ಬೆಟ್ಟವೊಂದು ದಿಢೀರನೆ ನುಗ್ಗಿ ಜೀವ ಬಾಯಿಗೆ ಬಂದಿತ್ತು. ಅಂದಿನಿಂದ ಅವರದು ಒಂದೇ ಪಾಠ: ನಕ್ಷೆ ನಲವತ್ತು ಮೈಲಿಗಿಡು, ಇಡೀ ಕಣಿವೆ ಕಣ್ಣೆದುರಿರಲಿ, ಅದರ ಮೇಲಿನ ದಾರಿಯ ಗೆರೆ ಹಿಡಿದು ಬಾ. ಬೆಟ್ಟದ ನಡುವೆ ಸೂಜಿ ಕುಣಿಯುವುದು ಇದ್ದದ್ದೇ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡ. ಪೈಲಟ್ ಆಗಿದ್ದ ಅಳಿಯನಿಗೂ ಇದನ್ನೇ ಕಲಿಸಿದರು. ಅಳಿಯನೋ, ಮಾವನ ಮಾತು ಮೀರದವನು.

ಮೋಡ ಕವಿದ ಒಂದು ದಿನ ಅವನ ವಿಮಾನ ಗೆರೆಯಿಂದ ಒಂದು ಮೈಲಿ ಎಡಕ್ಕೆ, ಬೆಟ್ಟಕ್ಕೆ ಬಡಿದು ಬಿದ್ದಿದ್ದುದು ಸಿಕ್ಕಿತು. ನಕ್ಷೆಯ ಗುಂಡಿ ನಲವತ್ತರಲ್ಲಿತ್ತು. ಹೀಗೆ ಕಲಿಸಿದವರು ಯಾರಾದರೂ ಇದ್ದಾರೆಯೇ ಎಂದು ತನಿಖೆಯವರು ಕೇಳಿದಾಗ ಮೇಷ್ಟ್ರು ಇಲ್ಲವೆಂದು ಬರೆದು ಸಹಿ ಹಾಕಿದರು. ಬಾಯಿಬಿಟ್ಟರೆ ಕೋಣೆಯೂ ಹೋಗುತ್ತದೆ, ಮಗಳೂ ದೂರವಾಗುತ್ತಾಳೆ ಎಂಬ ಅಂಜಿಕೆ. ಪೈಲಟ್‌ನ ಅಜಾಗರೂಕತೆ ಎಂದು ವರದಿಯಲ್ಲಿ ಷರಾ ಬಿತ್ತು. ಮಗಳು ಅದನ್ನು ಒಂದು ವಾರ ಮತ್ತೆ ಮತ್ತೆ ಓದಿದಳು. ಎಂಟನೆಯ ದಿನ ತರಬೇತಿ ಕೋಣೆಗೆ ಬಂದು, ಗಂಡನ ವಿಮಾನ ಕೊನೆಯ ಸಲ ಬಂದ ದಾರಿಯನ್ನು ತೋರಿಸಿ ಎಂದಳು.

ಮೇಷ್ಟ್ರು ನಕಲಿ ಕಾಕ್‌ಪಿಟ್‌ನ ಪರದೆಯ ಮೇಲೆ ತೋರಿಸಿದರು. ನಲವತ್ತರಲ್ಲಿ ಪುಟ್ಟ ವಿಮಾನದ ಗುರುತು ಗೆರೆಯ ಮೇಲೆಯೇ ಕೂತಂತಿತ್ತು. ಗುಂಡಿಯನ್ನು ಹತ್ತಕ್ಕೆ ತಿರುಗಿಸಿದರೆ ಬೆರಳಗಲ ಎಡಕ್ಕೆ, ಬೆಟ್ಟಕ್ಕೆ ನೇರವಾಗಿತ್ತು.

“ಇಷ್ಟು ಚೆನ್ನಾಗಿ ಕಾಣುತ್ತಲ್ಲಪ್ಪ. ಒಂದು ಗುಂಡಿ ತಿರುಗಿಸೋಕೆ ಇವರಿಗೇನಾಗಿತ್ತು?”

ಸತ್ತವನ ಮೇಲೆ ಈ ಮಾತು ಬಿದ್ದದ್ದನ್ನು ಮೇಷ್ಟ್ರಿಗೆ ತಾಳಲಾಗಲಿಲ್ಲ.

“ತಿರುಗಿಸಬೇಡ ಅಂದವನು ನಾನು,” ಎಂದರು. “ಅವನು ನನ್ನ ಮಾತು ಕೇಳಿದ, ಅಷ್ಟೇ. ಅವನದೇನೂ ತಪ್ಪಿಲ್ಲ.”

ಅವಳು ಬಾಯಿಗೆ ಬಂದಂತೆ ಬೈದಿದ್ದರೆ ಎಷ್ಟೋ ವಾಸಿಯಿತ್ತು. ಪರದೆಯಿಂದ ಕಣ್ಣು ತೆಗೆಯದೆ ಕೇಳಿದಳು: “ಇನ್ನೂ ಎಷ್ಟು ಜನಕ್ಕೆ ಹೀಗೆ ಹೇಳಿಕೊಟ್ಟಿದ್ದೀರ?”

ಮೇಷ್ಟ್ರು ಹನ್ನೊಂದು ವರ್ಷದ ಶಿಷ್ಯರ ಪಟ್ಟಿಯನ್ನು ತೆರೆದಿಟ್ಟರು. ಅವಳು ಫೋನನ್ನು ಅವರ ಮುಂದೆ ತಳ್ಳಿದಳು. ಮೇಷ್ಟ್ರು ಮೊದಲು ತಮ್ಮ ಅಚ್ಚುಮೆಚ್ಚಿನ ಶಿಷ್ಯನಿಗೆ ಫೋನ್ ಮಾಡಿದರು. ಈಗ ಅವನೂ ಕ್ಯಾಪ್ಟನ್. ನಲವತ್ತು ಬೇಡ, ನಾನು ಕಲಿಸಿದ್ದು ತಪ್ಪು, ಸೂಜಿಯನ್ನೇ ನಂಬು ಎಂದು ತಡವರಿಸುತ್ತ ಹೇಳಿದರು.

ಆಚೆಯ ದನಿ ಕನಿಕರದಿಂದ ಮೆತ್ತಗಾಯಿತು. “ಅಳಿಯ ಹೋದ ಸಂಕಟದಲ್ಲಿ ಹೀಗಂತಿದ್ದೀರಿ ಮೇಷ್ಟ್ರೇ. ನಿಮ್ಮ ಪಾಠ ಎಲ್ಲೂ ಹೋಗಲ್ಲ. ನನ್ನ ಹತ್ತಿರ ಕಲಿಯೋ ಮೂವತ್ತು ಜನಕ್ಕೂ ನಾನು ಅದನ್ನೇ ಹೇಳಿಕೊಡ್ತಿದ್ದೀನಿ. ವಿಮಾನ ಹತ್ತೋ ಹೊತ್ತಾಯ್ತು, ಆಮೇಲೆ ಮಾತಾಡ್ತೀನಿ.”

ಮೇಷ್ಟ್ರು ಮತ್ತೆ ಮಾಡಿದರು. ಫೋನ್ ಆಫ್ ಆಗಿತ್ತು.