ಪಟ್ಟಾ ಹರಿದ ಸುದ್ದಿ

ಗೇರಿಲ್ಲದ ಸ್ಕೂಟರ್ ಓಡಿಸುವ ಗಂಡಸನ್ನು ಆಳಂದದಲ್ಲಿ ಯಾರೂ ಪೂರಾ ಸವಾರನೆಂದು ಒಪ್ಪುತ್ತಿರಲಿಲ್ಲ. ಬಸ್ ಸ್ಟ್ಯಾಂಡಿನ ಮುಂದೆ ಹಾದುಹೋದರೆ ಚಹಾದಂಗಡಿಯ ಕಟ್ಟೆಯಿಂದ, ‘ಸರ, ಇವತ್ತೂ ಅಕ್ಕಾರ ಗಾಡಿನೇ ತಂದೀರೇನ್ರಿ?’ ಎಂಬ ಪ್ರಶ್ನೆ ತಪ್ಪುತ್ತಿರಲಿಲ್ಲ. ನಾನೂ ನಗುತ್ತಿದ್ದೆ. ಗೇರು ಬದಲಿಸುವ ಚಿಂತೆಯಿಲ್ಲದ್ದರಿಂದ ತೊಗರಿ ಹೊಲ ನೋಡುತ್ತ, ಬೇಡದ್ದೆಲ್ಲ ಯೋಚಿಸುತ್ತ ಹೋಗಬಹುದು. ನನ್ನಂಥವನಿಗೆ ಅಷ್ಟೇ ಸಾಕು.

ಆ ಗಾಡಿಯ ಜೀವ ಇರುವುದು ಎಡಮಗ್ಗುಲಿನ ಡಬ್ಬಿಯೊಳಗಿನ ರಬ್ಬರ್ ಬೆಲ್ಟಿನಲ್ಲಿ. ಎಂಜಿನ್ನಿನ ಕಸುವನ್ನು ಹಿಂದಿನ ಗಾಲಿಗೆ ಮುಟ್ಟಿಸುವುದು ಅದೇ. ನಮ್ಮ ಕಡೆ ಅದಕ್ಕೆ ಪಟ್ಟಾ ಎನ್ನುತ್ತೇವೆ. ಹಿಟ್ಟಿನ ಗಿರಣಿಯದೂ ಪಟ್ಟಾ, ಸೊಂಟಕ್ಕೆ ಬಿಗಿಯುವುದೂ ಪಟ್ಟಾ. ಹಿಂದಿನ ಅರಸರು ಹಣೆಗೆ ಕಟ್ಟಿಸಿಕೊಳ್ಳುತ್ತಿದ್ದ ಚಿನ್ನದ ಪಟ್ಟಿಯೇ ಪಟ್ಟ. ಅದನ್ನು ಕಟ್ಟಿದ ಮೇಲೆ ರಾಜ್ಯ ಅವರದು. ನಿಜಾಮನ ಕಾಲದಿಂದ ಹೊಲದ ಹಕ್ಕಿನ ಕಾಗದವೂ ಪಟ್ಟಾ. ಒಟ್ಟಿನಲ್ಲಿ ಜಾರಿಹೋಗದಂತೆ ಹಿಡಿದಿಡುವ ವಸ್ತುವಿಗೆಲ್ಲ ಒಂದೇ ಹೆಸರು. ಮಾತಿನಲ್ಲಿ ಇಷ್ಟು ಜಿಪುಣತನ ಒಳ್ಳೆಯದಲ್ಲವೆಂದು ನನಗೆ ತಿಳಿದದ್ದು ಮಣ್ಣೂರಿಗೆ ಹೊರಟ ದಿನ.

ಮಣ್ಣೂರು ನನ್ನ ತಂಗಿ ಶಾಂತಾಳನ್ನು ಕೊಟ್ಟ ಊರು. ಅಪ್ಪ ಕೊನೆಗಾಲದಲ್ಲಿ ನೆಲೋಗಿಯ ಬಾವಿ ಹೊಲವನ್ನು ‘ಅಕಿ ಅರಿಷಿಣ ಕುಂಕುಮಕ್ಕ ಇರ್ಲಿ’ ಎಂದಿದ್ದರು. ಕಚೇರಿಯ ಓಡಾಟದಲ್ಲಿ ಅದು ತಡವಾಗುತ್ತ ಬಂದಂತೆ ಅವಳ ಅತ್ತೆಯ ನಾಲಗೆ ಹರಿತವಾಗುತ್ತ ಹೋಗಿತ್ತು: ‘ನಿಮ್ಮಣ್ಣ ಹೇಳೂ ಮನಷ್ಯಾ, ಕೊಡೂ ಮನಷ್ಯಾ ಅಲ್ಲ.’ ಅಂತೂ ಶಾಂತಾಳ ಹೆಸರಿನ ಕಾಗದ ಕೈಗೆ ಬಂತು. ಸೋಮವಾರ ಪಟ್ಟಾ ತರುತ್ತೇನೆಂದು ಹೇಳಿ ಕಳಿಸಿ, ಅದನ್ನು ಸ್ಕೂಟರಿನ ಡಿಕ್ಕಿಯಲ್ಲಿಟ್ಟುಕೊಂಡು ಹೊರಟೆ.

ಅಫಜಲಪುರ ಇನ್ನೇನು ಬಂತು ಎನ್ನುವಾಗ ಎಂಜಿನ್ ಒಂದೇ ಸಮನೆ ಕಿರುಚಿತು. ಗಾಲಿ ಮಾತ್ರ ನನಗೂ ಅದಕ್ಕೂ ಸಂಬಂಧವಿಲ್ಲವೆಂಬಂತೆ ನಿಂತಿತು. ತಳ್ಳಿಕೊಂಡು ಮೆಕ್ಯಾನಿಕ್ ಮಹೆಬೂಬನ ಅಂಗಡಿ ಮುಟ್ಟಿದೆ. ಅವನು ಡಬ್ಬಿ ಬಿಚ್ಚಿ ಹರಿದ ಪಟ್ಟಾ ಎತ್ತಿ ತೋರಿಸಿ, ‘ಕಂಪನಿ ಮಾಲು ಇಲ್ರಿ. ಲೋಕಲ್ ಅದ, ಹಾಕ್ಲೇನು?’ ಎಂದ.

‘ಲೋಕಲ್ ತಡೀತದೇನಪಾ?’

‘ಅಸಲಿ ಹಾಕ್ಕೊಂಡೇ ಹರಕೊಂಡ್ ಬಂದೀರಿ. ಲೋಕಲ್‌ಗ್ಯಾಕ ಹೆಸರಿಡ್ತೀರಿ?’

ಅದನ್ನೇ ಹಾಕೆಂದೆ. ಪುಲ್ಲಿಯ ನಟ್ಟು ತುಕ್ಕು ಹಿಡಿದು ಕೂತಿತ್ತು, ಒಳಗಿನ ರೋಲರುಗಳೂ ಸವೆದಿದ್ದವು. ಎಲ್ಲ ಮುಗಿಯುವುದರಲ್ಲಿ ಹೊತ್ತಾಗುವಂತಿತ್ತು. ಅಷ್ಟರಲ್ಲಿ ಮಣ್ಣೂರ ಬಸ್ಸು ಬಂತು. ಕೈಮಾಡಿ ನಿಲ್ಲಿಸಿ, ಪರಿಚಯದ ಕಂಡಕ್ಟರನಿಗೆ ಹೇಳಿದೆ: ‘ನಮ್ಮ ಶಾಂತಾಬಾಯಿ ಮನಿಗೆ ಒಂದ್ ಮಾತ್ ಮುಟ್ಟಸ್ರಿ. ಪಟ್ಟಾ ಹರದದ, ಬ್ಯಾರೆ ಮಾಡಿಸ್ಕೊಂಡ್ ಬರ್ತೇನಿ, ತಡಾ ಆಗ್ತದ.’ ಬಿಚ್ಚಿದ ಗಾಡಿಯ ಪಕ್ಕದಲ್ಲೇ ನಿಂತವನಿಗೆ ಗಾಡಿಯ ಹೆಸರೆತ್ತಬೇಕೆಂದು ಹೊಳೆಯಲಿಲ್ಲ. ಕಂಡಕ್ಟರು ನಂಬಿಗಸ್ಥ. ಒಂದಕ್ಷರ ಸೇರಿಸದೆ, ಒಂದಕ್ಷರ ಬಿಡದೆ ಮುಟ್ಟಿಸಿದ್ದ.

ಬಿಸಿಲು ಇಳಿದ ಮೇಲೆ ಮಣ್ಣೂರು ಸೇರಿದೆ. ಕಟ್ಟೆಯ ಮೇಲಿದ್ದ ಅತ್ತೆ ಮುಖ ಆಚೆ ತಿರುಗಿಸಿದರು. ಶಾಂತಾ ನೀರಿನ ಚೊಂಬು ಕೊಟ್ಟು ಮೆಲ್ಲಗೆ, ‘ಹರದ್ರ ಹರೀಲಿ ಬಿಡಣ್ಣ. ನೀ ಬಂದ್ಯಲ್ಲ, ಸಾಕು’ ಎಂದಳು.

ಗಾಡಿಯ ಬಗ್ಗೆ ಇಷ್ಟು ಕಕ್ಕುಲತೆಯೇ ಎಂದುಕೊಂಡು, ‘ಚಿಂತಿ ಮಾಡಬ್ಯಾಡವಾ, ಲೋಕಲ್ ಹಾಕಸೇನಿ. ನಡೀತದ ಅಂದಾರ’ ಎಂದೆ.

‘ಕೇಳಿದಿ? ಹೊಲದ ಕಾಗದಾನೂ ಲೋಕಲ್ ಅಂತ’ ಎಂದು ಅತ್ತೆ ಗೋಡೆಗೆ ಹೇಳಿದರು.

ನನ್ನ ತಲೆಯೊಳಗಿನ ಗಾಲಿ ತಿರುಗಿದ್ದು ಆಗಲೇ. ಓಡಿಹೋಗಿ ಡಿಕ್ಕಿಯಿಂದ ಕಾಗದ ತಂದೆ, ನಡೆದದ್ದು ಹೇಳಿದೆ. ಶಾಂತಾ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಕ್ಕಳು. ಬರೀ ನಗುವಲ್ಲ ಅದು. ಅತ್ತೆಯೂ ಕಡೆಗೆ ನಕ್ಕು, ದನಿ ತಗ್ಗಿಸಿ ನನಗೆಂದರು: ‘ಸುದ್ದಿ ಬಂದಾಗಿಂದ ನಾ ನಿನಗ ಬಯ್ಯಾಕತ್ತೇನಪಾ. ಇಕಿ ಒಂದ್ ಮಾತ್ ಆಡ್ಲಿಲ್ಲ. ಎದ್ದು ಹೋಗಿ ಹೂರಣ ಅರಿಲಾಕ ಕುಂತಳು.’

ಊಟಕ್ಕೆ ಕೂತಾಗ ಶಾಂತಾ ಆ ಹೂರಣದ ಹೋಳಿಗೆ ಹಾಕಿದಳು. ಹೊಲ ತಂದವನಿಗೆ ಹೋಳಿಗೆ ಬಡಿಸುವುದು ಲೋಕರೂಢಿ. ನನ್ನ ತಾಟಿನಲ್ಲಿದ್ದದ್ದು ಹೊಲ ಕೊಡದ ಅಣ್ಣನಿಗೆಂದು ಮಾಡಿದ ಹೋಳಿಗೆ. ಆ ಅಣ್ಣ ಪುಣ್ಯಕ್ಕೆ ಬರಲೇ ಇಲ್ಲ. ಅವನ ಪಾಲಿನದನ್ನು ನಾನೇ ತಿಂದೆ, ಮೇಲೆ ಮತ್ತಿಷ್ಟು ತುಪ್ಪ ಹಾಕಿಸಿಕೊಂಡು.