ಯೀಸ್ಟಿಗೆ ಎಸರು ಹುಯ್ದಿದ್ದು

ಇವತ್ತು ಎಚ್.ಡಿ. ಕೋಟೆಯ ನಮ್ಮ ಕಾಲೇಜಿನ ಲ್ಯಾಬಿನಲ್ಲಿ ಯೀಸ್ಟ್ ಪೊಟ್ಟಣ ಕತ್ತರಿಸಿದೆ. ಆ ಹುಳಿಹುಳಿ ವಾಸನೆ ಮೂಗಿಗೆ ಬಡಿದದ್ದೇ ತಡ, ಪಾಠ ಮರೆತು ನಿಂತುಬಿಟ್ಟೆ... ಬೈಲಕುಪ್ಪೆಯ ಟಿಬೆಟನ್ ಅಜ್ಜಿ ನೆನಪಾದರು.

ಆ ವರ್ಷ ನಾನು ಪಿಯುಸಿಯಲ್ಲಿ ಬಯಾಲಜಿ ಒಂದರಲ್ಲೇ ಡುಮ್ಕಿ ಹೊಡೆದಿದ್ದೆ. ಮರುಪರೀಕ್ಷೆಯಲ್ಲೂ ಹೋದರೆ ಓದು ಸಾಕು, ಗಂಡು ನೋಡುವುದೇ ಎಂದು ಅಪ್ಪ ಹೇಳಿಬಿಟ್ಟಿದ್ದರು. ಮನೆಯಲ್ಲಿ ಮುಖ ಊದಿಸಿಕೊಂಡು ಕೂರುವ ಬದಲು ನಮ್ಮೂರ ಪಕ್ಕದ ಟಿಬೆಟನ್ ಕ್ಯಾಂಪಿನ ಈ ಅಜ್ಜಿಯ ಅಂಗಡಿಗೆ ಕೆಲಸಕ್ಕೆ ಹೋದೆ. ಟಿಂಗ್ಮೊ ಅಂತ, ಹಬೆಯಲ್ಲಿ ಬೇಯಿಸುವ ಬನ್ನು ಮಾಡುತ್ತಿದ್ದರು. ಅವರ ಕನ್ನಡ ಪಿರಿಯಾಪಟ್ಟಣದ ಸಂತೆಯಲ್ಲಿ ಕಲಿತದ್ದು. ನಮ್ಮಜ್ಜಿಗಿಂತ ಚೆನ್ನಾಗಿ ಬೈಯುತ್ತಿದ್ದರು!

ಒಂದು ಬೆಳಿಗ್ಗೆ, "ಬಿಸ್ನೀರಾಕಿ ನೀನೇ ಕಲಸು ಮಗಾ" ಎಂದು ಹೊರಗೆ ಹೋದರು. ನಾನೋ ರಾಗಿಮುದ್ದೆ ಮನೆಯವಳು. ಹಿಟ್ಟು ಅಂದಮೇಲೆ ಎಸರು ಬೇಡವೇ? ನೀರನ್ನು ಕೊತಕೊತ ಕುದಿಸಿ ಯೀಸ್ಟ್ ಬೆರೆಸಿದ ಮೈದಾ ಮೇಲೆ ಸುರಿದೆ. ಕೋಲಲ್ಲಿ ತಿರುವಿ, ನಾದಿ ಮುಚ್ಚಿಟ್ಟೆ. ಎರಡು ಗಂಟೆಯಾದರೂ ಹಿಟ್ಟು ಮಿಸುಕಲಿಲ್ಲ.

ಅಜ್ಜಿ ಬಂದು ಬೆರಳಲ್ಲಿ ಒತ್ತಿ ನೋಡಿದರು. "ಎಸರು ಉಯ್ದ್ಯಾ? ಅದುಕ್ಕೆ ಜೀವ ಐತೆ ಕಣ್ ಮಗಾ! ಬೇಯಿಸ್ಬುಟ್ಟಲ್ಲ!" ಎಂದು ಹೊಟ್ಟೆ ಹಿಡಿದುಕೊಂಡು ನಕ್ಕರು. ಆಮೇಲೆ ಉಗುರುಬೆಚ್ಚಗಿನ ನೀರಿಗೆ ಸಕ್ಕರೆ, ಹೊಸ ಯೀಸ್ಟ್ ಹಾಕಿ ಪಕ್ಕದಲ್ಲೇ ಕೂರಿಸಿಕೊಂಡರು. ಹತ್ತು ನಿಮಿಷಕ್ಕೆ ನೊರೆ ಎದ್ದಿತು. "ನೋಡು, ಸಕ್ರೆ ತಿಂದು ಉಸ್ರು ಬುಡ್ತಾವೆ. ಆ ಉಸ್ರೇ ಬನ್ನು ಉಬ್ಬುಸೋದು."

ಎಷ್ಟು ಉರು ಹೊಡೆದರೂ ತಲೆಗೆ ಹತ್ತದ ಹುದುಗುವಿಕೆಯ ಪಾಠ ಬೋಗುಣಿಯಲ್ಲಿ ಗುಳುಗುಳು ಎನ್ನುತ್ತಿತ್ತು. ಹಿಟ್ಟಿನೊಳಗೆ ಗಾಳಿ ಮುಗಿದರೂ ಯೀಸ್ಟ್ ಸಾಯುವುದಿಲ್ಲ. ಆಮ್ಲಜನಕವಿಲ್ಲದೆಯೇ ಸಕ್ಕರೆಯನ್ನು ಅರೆಬರೆ ಒಡೆದು ಬದುಕುವಷ್ಟು ಶಕ್ತಿ ಪಡೆಯುತ್ತದೆ. ಸಿಗುವುದು ಚೂರೇ ಶಕ್ತಿ, ಅದಕ್ಕೇ ತಿನ್ನುವುದು ಜಾಸ್ತಿ. ಮಿಕ್ಕದ್ದು ಇಂಗಾಲದ ಡೈಆಕ್ಸೈಡೂ ಆಲ್ಕೋಹಾಲೂ ಆಗಿ ಹೊರಗೆ ಬರುತ್ತದೆ. ನನಗೆ ಕುಣಿಯುವಷ್ಟು ಖುಷಿಯಾಯಿತು.

ಮರುಪರೀಕ್ಷೆಯಲ್ಲಿ ಅದೇ ಪ್ರಶ್ನೆ! ಪಾಸಾದೆ. ಓಡಿಹೋಗಿ, "ನೀವೇಳಿದ್ದೇ ಬರ್ದೆ ಕಣಜ್ಜಿ" ಎಂದೆ.

"ಎಬ್ಬೆಟ್ಟೊತ್ತೋಳು ನಾನು ಪಿಯುಸಿ ಪಾಸಾದ್ನಾ!" ಎಂದು ಬಂದವರಿಗೆಲ್ಲ ಬನ್ನು ಹಂಚಿದರು. ಅಪ್ಪನಿಗೂ ಕಟ್ಟಿಕೊಟ್ಟರು. ಅಪ್ಪ ಎರಡು ತಿಂದು, ಮೈಸೂರಿನ ಕಾಲೇಜಿನ ಅರ್ಜಿ ತಂದುಕೊಟ್ಟರು.

ಲೆಕ್ಚರರ್ ಕೆಲಸದ ಆರ್ಡರ್ ಹಿಡಿದು ಅಜ್ಜಿಯ ಅಂಗಡಿಗೆ ಹೋದ ದಿನ ಬಾಗಿಲಲ್ಲಿ ಅವರ ಸೊಸೆ ನಿಂತಿದ್ದರು. ಅಜ್ಜಿ ಹೋಗಿ ತಿಂಗಳಾಗಿತ್ತು... ಬಿಕ್ಕಿಬಿಕ್ಕಿ ಅತ್ತೆ. ಆದರೂ ಬಿಡಲಿಲ್ಲ; ಅವರ ಫೋಟೋ ಮುಂದೆ ನಿಂತು ಆ ಕಾಗದವನ್ನು ಮೊದಲಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿದೆ. ಇಷ್ಟು ವರ್ಷವಾದರೂ, ಒಳ್ಳೆ ಸುದ್ದಿ ಯಾವುದು ಬಂದರೂ ಮೊದಲು ಅಲ್ಲಿಗೇ ಓಡಬೇಕೆನಿಸುತ್ತದೆ.